ಹಬ್ಬಕ್ಕೆ ಮುಂಚಿನ ಎಲೆ ಅಡಿಕೆ

ಮೊದಲೇ ಹೇಳಿಬಿಡುತ್ತೇನೆ, ನಾನಿಲ್ಲಿ ಬರೆಯುವುದರಲ್ಲಿ ಒಂದಷ್ಟು ತಪ್ಪಿರಬಹುದು. ಚನ್ನಗಿರಿಯ ಅಡಿಕೆ ಮಂಡಿಯ ಕೆಲಸವನ್ನು ನಾನು ಬಿಟ್ಟ ದಿನ ಕಣ್ಣು ಕುಕ್ಕುವ ಬಿಸಿಲಿತ್ತು ಎಂದು ನನ್ನ ನೆನಪು ಆಣೆಯಿಟ್ಟು ಹೇಳುತ್ತದೆ. ಆ ದಿನದ ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿ ‘ಬೆಳಗಿನಿಂದ ಜಡಿಮಳೆ’ ಎಂದಿದೆ. ಯಾರನ್ನು ನಂಬುವುದು? ಡೈರಿ ಬರೆದವಳೂ ನಾನೇ, ನೆನಪಿಟ್ಟುಕೊಂಡವಳೂ ನಾನೇ. ಇಬ್ಬರೂ ಅಷ್ಟೇನೂ ನಂಬಿಕಸ್ತರಲ್ಲ. ಡೈರಿಯವಳು ಸೋಮಾರಿ, ‘ಮಂಡಿ. ತಲೆನೋವು. ಉಪ್ಪಿಟ್ಟು’ ಎಂದು ಬರೆದು ಮಲಗಿಬಿಡುತ್ತಿದ್ದವಳು. ನೆನಪಿನವಳಿಗೆ ತನ್ನನ್ನು ತಾನು ಸ್ವಲ್ಪ ಎತ್ತರ ಮಾಡಿ ತೋರಿಸಿಕೊಳ್ಳುವ ಚಟ.

ಇದೆಲ್ಲ ಎದ್ದು ಕೂತದ್ದು ಒಂದು ಅಡಿಕೆಯ ದೆಸೆಯಿಂದ. ಜಗಳೂರಿನಲ್ಲಿ ನಾನು ಪಾಠ ಮಾಡುವ ಕಾಲೇಜಿನ ಕಿರಿಯ ಅಧ್ಯಾಪಕರೊಬ್ಬರು ಮೊನ್ನೆ ಮನೆಗೆ ಬಂದಿದ್ದರು. ಅವರಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದೆ. ಚಪ್ಪಲಿ ಬಿಡುವಾಗಲೇ ಶುರು ಮಾಡಿದರು.

“ಮೇಡಂ, ರಾಜೀನಾಮೆ ಹೆಂಗೆ ಬರೀಬೇಕು ಒಸಿ ಹೇಳ್ಕೊಡ್ರಿ. ಪ್ರಿನ್ಸಿಪಾಲ್ರಿಗೂ ಬೇಜಾರಾಗಬಾರ್ದು, ನಾನೂ ಕೈ ಕಟ್ಕಂಡು ನಿಂತಂಗೆ ಕಾಣಬಾರ್ದು.”

ನಾನು ಪೆನ್ನಿಗಾಗಿ ಮೇಜಿನ ಮೇಲಿನ ಹಳೆಯ ಪೌಡರ್ ಡಬ್ಬಿಗೆ ಕೈ ಹಾಕಿದೆ. ತಳದಲ್ಲಿ ಏನೋ ಗಡಗಡ ಅಂದಿತು. ಅವರು ಬಗ್ಗಿ ನೋಡಿದರು. “ಇದೇನ್ ಮೇಡಂ, ಪೆನ್ನಿನ ಡಬ್ಬೀಲಿ ಅಡಿಕೆ?”

“ಅದು ನನ್ನ ರಾಜೀನಾಮೆ” ಅಂದೆ.

ಅವರು ನಕ್ಕರು. ಮೇಷ್ಟರು ನಗುವುದು ಅರ್ಥವಾದಾಗಲೋ ಆಗದಿದ್ದಾಗಲೋ ಎಂದು ಹೇಳುವುದು ಕಷ್ಟ. ಪತ್ರ ಬರೆದುಕೊಟ್ಟು ಕಳಿಸಿದೆ. ಅಡಿಕೆ ಮಾತ್ರ ಅಂದಿನಿಂದ ಡಬ್ಬಿಯೊಳಗೆ ಸುಮ್ಮನಿಲ್ಲ.

ನಿಜ ಹೇಳಬೇಕೆಂದರೆ ನನ್ನ ಮೊದಲ ರಾಜೀನಾಮೆ ಮಂಡಿಯದ್ದಲ್ಲ. ಅಪ್ಪನಿಗೆ ನ್ಯಾಮತಿಯಲ್ಲಿ ಪುಟ್ಟದೊಂದು ಜವಳಿ ಅಂಗಡಿ. ಬೇಸಿಗೆ ರಜೆ ಬಂದರೆ ನಮ್ಮನ್ನು ಸಾಸ್ವೆಹಳ್ಳಿಯ ಅಜ್ಜಿ ಮನೆಗೆ ಸಾಗಹಾಕುತ್ತಿದ್ದ. ಅಲ್ಲಿ ಹೊಳೆ ದಂಡೆಯ ಮರಳಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಸೋಲು ಹತ್ತಿರ ಬಂದ ಕೂಡಲೇ ನಾನು “ನಾ ಆಟಕ್ಕಿಲ್ಲ” ಎಂದು ಬಿಲ್ಲೆಯನ್ನು ಹೊಳೆಗೆ ಎಸೆದು ಓಡುತ್ತಿದ್ದೆ. ಆ ಬಿಲ್ಲೆ ಬಹುಮಟ್ಟಿಗೆ ಬೇರೆಯವರದ್ದಾಗಿರುತ್ತಿತ್ತು. ಅಂಥವಳನ್ನು ಮರುದಿನ ಯಾರೂ ಆಟಕ್ಕೆ ಕರೆಯುತ್ತಿರಲಿಲ್ಲ. ಮರಳಲ್ಲಿ ಒಬ್ಬಳೇ ಕೂತು ಕಾಲಿನ ಮೇಲೆ ಗೂಡು ಕಟ್ಟುತ್ತಾ, ಅವರೆಲ್ಲ ಆಡುವುದನ್ನು ಓರೆಗಣ್ಣಲ್ಲಿ ನೋಡುತ್ತಾ, ನನಗೆ ಇದೇ ಇಷ್ಟ ಎಂದು ನಟಿಸುತ್ತಿದ್ದೆ. ಬಿಡುವುದಕ್ಕೂ ಒಂದು ರೀತಿಯಿದೆ ಎಂದು ಗೊತ್ತಾಗಲು ನನಗೆ ಮೈಸೂರಿನ ಎಂ.ಎ. ಸಾಕಾಗಲಿಲ್ಲ, ಚನ್ನಗಿರಿಯ ಮಂಡಿ ಬೇಕಾಯಿತು.

ಮಂಡಿಗೆ ನನ್ನನ್ನು ಸೇರಿಸಿದವಳು ಗೌರತ್ತೆ, ಅಪ್ಪನ ಅಕ್ಕ. ಎಪ್ಪತ್ತರ ದಶಕದ ನಡುಭಾಗ ಅದು. ಎಂ.ಎ. ಮುಗಿಸಿ ಸರ್ಕಾರಿ ಆದೇಶಕ್ಕೆ ಕಾಯುತ್ತಾ ನಾನು ನ್ಯಾಮತಿಯ ಅಂಗಡಿಯಲ್ಲಿ ಬಟ್ಟೆ ಮಡಚುತ್ತಿದ್ದೆ. ಮಡಚಿದ್ದು ಸರಿಯಿಲ್ಲವೆಂದು ಅಪ್ಪ ಮತ್ತೆ ಬಿಚ್ಚಿ ಮಡಚುತ್ತಿದ್ದ. ಗೌರತ್ತೆ ಬಂದವಳೇ “ಇವಳನ್ನ ನಂಜೊತೆ ಕಳ್ಸು, ಚನ್ನಗಿರೀಲಿ ಇಂಗ್ಲಿಷ್ ಬಲ್ಲೋರು ಬೇಕಾಗೇತಂತೆ” ಅಂದಳು. ಅತ್ತೆಯ ಗಂಡ, ಅಂದರೆ ನನ್ನ ಮಾವ, ಸಾಹುಕಾರ ಮರುಳಪ್ಪನವರ ಮಂಡಿಯಲ್ಲಿ ಗುಮಾಸ್ತನಾಗಿದ್ದವರು. ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಚಿಕ್ಕವಳಿದ್ದಾಗ ಅವರ ಮನೆಗೆ ಹೋದರೆ ಮಾವನ ಅಂಗೈ ಮೂಸಿ ನೋಡುವುದು ನನಗೊಂದು ಆಟ. ಗೋಣಿ, ಚೊಗರು, ಹೊಗೆ ಮೂರೂ ಸೇರಿದ ಆ ವಾಸನೆ ಈಗಲೂ ಅಡಿಕೆ ಚೀಲ ಕಂಡಲ್ಲಿ ತಟ್ಟನೆ ಮೂಗಿಗೆ ಬರುತ್ತದೆ.

ಸಾಹುಕಾರರಿಗೆ ಉತ್ತರದ ಕಡೆಯ ಖರೀದಿದಾರರಿಂದ ಇಂಗ್ಲಿಷ್ ಕಾಗದ, ತಂತಿಗಳು ಬರುತ್ತಿದ್ದವು. ಅವನ್ನು ಓದಿ ಹೇಳಿ, ಅವರು ಹೇಳಿದ ಉತ್ತರವನ್ನು ಇಂಗ್ಲಿಷಿನಲ್ಲಿ ಟೈಪು ಮಾಡುವುದು ನನ್ನ ಕೆಲಸ. ಆ ಮಂಡಿಯಲ್ಲಿ ಅದುವರೆಗೆ ಹೆಂಗಸು ಕೂತದ್ದಿಲ್ಲ. ಕುರ್ಚಿಯೂ ಇರಲಿಲ್ಲ. ಎಲ್ಲರೂ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರೇ. ನನಗಾಗಿ ಒಂದು ಕುರ್ಚಿ ತರಿಸಿದರು. ಹಿರಿಯ ಗುಮಾಸ್ತ ಹಾಲಪ್ಪಣ್ಣ ಅದನ್ನು ಸುತ್ತು ಹಾಕಿ ನೋಡಿ, “ನಾವೆಲ್ಲ ನೆಲದ ಮ್ಯಾಲೆ, ಇವ್ಳು ಗದ್ದಿಗೆ ಮ್ಯಾಲೆ. ಬೆಳಗ್ಗೆ ಬಂದ ಕೂಡ್ಲೆ ಮೊದ್ಲು ಸಾವ್ಕಾರ್ರಿಗೆ ಕೈ ಮುಗೀಬೇಕೋ ಇವ್ಳಿಗೋ?” ಎಂದು ಎಲ್ಲರನ್ನೂ ನಗಿಸಿದ್ದ. ನಾನು ಕುರ್ಚಿಯ ತುದಿಯಲ್ಲಿ ಕೂತೆ. ಪೂರ್ತಿ ಹಿಂದಕ್ಕೆ ಒರಗಲು ಒಂದು ತಿಂಗಳು ಹಿಡಿಯಿತು.

ಸೇರಿಸುವ ದಿನ ಗೌರತ್ತೆ ಸಾಹುಕಾರರ ಗಾದಿಯ ಅಂಚು ಮುಟ್ಟಿ ಹೇಳಿದ್ದಳು: “ನಮ್ ವಿಶಾಲಿ ನಡುವರ್ಷಕ್ಕೆ ಬಿಟ್ಟು ಹೋಗಾ ಪೈಕಿ ಅಲ್ಲ. ಅದಕ್ಕೆ ನಾನಿದೀನಿ.”

ಈ ನಡುವರ್ಷದ ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಮಂಡಿಯ ವರ್ಷ ತಿರುಗುತ್ತಿದ್ದದ್ದು ದೀಪಾವಳಿ ಪಾಡ್ಯಕ್ಕೆ. ಅಂದು ಗಾದಿಯ ಮುಂದೆ ಲಕ್ಷ್ಮೀಪೂಜೆ. ಕೆಲಸಕ್ಕೆ ಸೇರುವವರು ಅಂದೇ ಸೇರುವುದು, ಬಿಡುವವರು ಅಂದೇ ಬಿಡುವುದು. ಬಿಡುವವನನ್ನು ಸಾಹುಕಾರರು ಎಲ್ಲರೆದುರು ಹತ್ತಿರ ಕರೆದು, ಎದ್ದು ನಿಂತು, ಎರಡೂ ಕೈಯಿಂದ ಎಲೆ ಅಡಿಕೆ ಕೊಡುತ್ತಿದ್ದರು. ಅದೊಂದು ಸಿಕ್ಕರೆ ಪೇಟೆಯ ಯಾವ ಮಂಡಿಗಾದರೂ ತಲೆಯೆತ್ತಿ ಹೋಗಬಹುದಿತ್ತು. ಹಬ್ಬಕ್ಕೆ ಮುಂಚೆ ಬಿಟ್ಟವನಿಗೆ ಎಲೆ ಅಡಿಕೆಯಿಲ್ಲ. “ಎಲೆ ಅಡಿಕೆ ತಗಂಡು ಬಂದ್ನಾ, ಸುಮ್ಕೆ ಬಂದ್ನಾ?” ಎಂದು ಪೇಟೆ ಕೇಳುತ್ತಿತ್ತು. ಸುಮ್ಮನೆ ಬಂದವನು ಏನೋ ಮಾಡಿಕೊಂಡೇ ಬಂದಿರಬೇಕು ಎಂದು ಅದೇ ಪೇಟೆ ಉತ್ತರವನ್ನೂ ಹೇಳಿಕೊಳ್ಳುತ್ತಿತ್ತು.

ನನ್ನ ಆದೇಶ ಶ್ರಾವಣದಲ್ಲಿ ಬಂತು. ಜಗಳೂರಿನ ಕಾಲೇಜು, ಗಣೇಶನ ಹಬ್ಬದೊಳಗೆ ಹಾಜರಾಗಬೇಕು. ದೀಪಾವಳಿ ಎಲ್ಲೋ ಇತ್ತು. ನಾನು ಕುಣಿಯುತ್ತಾ ಅಡುಗೆಮನೆಗೆ ಹೋದೆ. ಗೌರತ್ತೆ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಂತಿತು.

“ಹಬ್ಬಕ್ಕೆ ಮುಂಚೆನಾ?”

“ಸರ್ಕಾರಕ್ಕೆ ಮಂಡಿ ಹಬ್ಬ ಗೊತ್ತಿರ್ತದಾ ಅತ್ತೆ?”

“ಸರ್ಕಾರಕ್ಕೆ ಗೊತ್ತಿಲ್ದಿದ್ರೆ ಹೋಗ್ಲಿ. ನಿಂಗೆ ಗೊತ್ತೈತಲ್ಲ.” ರೊಟ್ಟಿಯನ್ನು ಹೆಂಚಿಗೆ ಹಾಕಿ ಅಂದಳು: “ನಿಮ್ಮಾವನೂ ನಡುವರ್ಷಕ್ಕೇ ಹೋದ್ರು. ಅವರಿಗೂ ಎಲೆ ಅಡಿಕೆ ಆಗಲಿಲ್ಲ. ಸತ್ತೋರಿಗೆ ಯಾರು ಕೊಡ್ತಾರೆ ಬಿಡು. ನೀನು ಹೋಗು, ಬ್ಯಾಡ ಅನ್ನಲ್ಲ. ಆದ್ರೆ ಸುಮ್ಕೆ ಬರಬ್ಯಾಡ ಕಣೆ ಆ ಬಾಗ್ಲಿಂದ. ಇನ್ನೊಂದ್ ಸಲ ನಾನು ಅದನ್ನ ನೋಡಾಕಾಗಲ್ಲ.”

ಅಲ್ಲಿಗೆ ನನ್ನ ಕುಣಿತ ನಿಂತಿತು. ಜಗಳೂರು ಸಿಕ್ಕಿತ್ತು, ಅದನ್ನು ಯಾರೂ ಕಸಿದುಕೊಳ್ಳುವಂತಿರಲಿಲ್ಲ. ಆದರೆ ಹಬ್ಬದ ದಿನ ಮಾತ್ರ ಸಿಗುವುದನ್ನು ಹಬ್ಬವಿಲ್ಲದ ದಿನ ಪಡೆದು ಬರಬೇಕಿತ್ತು, ಅದೂ ಕೇಳದೆ. ಕೇಳಿ ಪಡೆದರೆ ಅದು ಎಲೆ ಅಡಿಕೆಯಲ್ಲ, ಭಿಕ್ಷೆ.

ಓದಿದವಳಲ್ಲವೇ, ಮೊದಲು ಪುಸ್ತಕದ ಮೊರೆ ಹೋದೆ. ಪತ್ರಲೇಖನದ ಒಂದು ಕೈಪಿಡಿ ನನ್ನ ಟ್ರಂಕಿನಲ್ಲಿತ್ತು. ಅದರಿಂದ ಎತ್ತಿ ಭರ್ಜರಿ ಇಂಗ್ಲಿಷಿನಲ್ಲಿ ರಾಜೀನಾಮೆ ಟೈಪು ಮಾಡಿದೆ. ಕೈಗೆ ಕೊಟ್ಟರೆ ಮುಖ ನೋಡಬೇಕಾಗುತ್ತದಲ್ಲ, ಅದಕ್ಕೆ ಬೆಳಗಿನ ಟಪಾಲಿನ ನಡುವೆ ತುರುಕಿಟ್ಟೆ. ಕಚೇರಿಯ ಶಿಸ್ತೆಂದರೆ ಇದು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ಸಂಗತಿ ಮಾತ್ರ ತಲೆಗೆ ಹೊಳೆದಿರಲಿಲ್ಲ. ಆ ಮಂಡಿಗೆ ಬರುವ ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುತ್ತಿದ್ದವಳು ನಾನೇ.

ಸಾಹುಕಾರರು ಒಂದೊಂದೇ ಕವರು ಒಡೆದು ನನ್ನತ್ತ ಚಾಚುತ್ತಾ ಬಂದರು. ಕೊನೆಗೆ ಅದೂ ಬಂತು. “ಇದೇನವ್ವ, ಅಂಚೆ ಮುದ್ರೇನೇ ಇಲ್ಲ? ಸೇಲ್ಸ್ ಟ್ಯಾಕ್ಸ್‌ನೋರು ಕೈಲೇ ತಂದು ಹಾಕಿ ಹೋದ್ರೋ ಹೆಂಗೆ? ಓದು, ಓದು.”

ಕೆರೆಬಿಳಚಿಯಿಂದ, ಉಬ್ರಾಣಿಯಿಂದ ಮಾಲು ತಂದಿದ್ದ ಬೆಳೆಗಾರರು ಎದುರಿಗೆ ಕೂತಿದ್ದರು. ನಾನು ಕಾಗದ ಹಿಡಿದುಕೊಂಡು ನಿಂತೆ. ತಡವರಿಸುತ್ತಾ ಇಂಗ್ಲಿಷನ್ನು ಕನ್ನಡ ಮಾಡತೊಡಗಿದೆ: “ಮಾನ್ಯರೇ, ತಮ್ಮ ಘನ ಸಂಸ್ಥೆಯಲ್ಲಿ ನಾನು ಅತ್ಯಂತ ಸಂತೋಷದಿಂದ ಸೇವೆ ಸಲ್ಲಿಸಿರುತ್ತೇನೆ...”

“ಯಾರವ್ವ ಅದು, ಸಂತೋಷದಿಂದ ಸೇವೆ ಮಾಡಿದೋರು? ನಮ್ಮಲ್ಲಿ ಯಾರೂ ಕಾಣ್ಲಿಲ್ವಲ್ಲ ಹಂಗೆ?” ಅಂದ ಹಾಲಪ್ಪಣ್ಣ.

“...ಈಗ ಅನಿವಾರ್ಯ ಕಾರಣಗಳಿಂದ ಸದರಿ ಹುದ್ದೆಯನ್ನು ತ್ಯಜಿಸಲು ತಮ್ಮ ಅಪ್ಪಣೆ ಬೇಡುತ್ತೇನೆ.”

“ಸಹಿ ಯಾರ್ದು?” ಅಂದರು ಸಾಹುಕಾರರು.

“ನಂದೇ ಸಾವ್ಕಾರ್ರೇ.”

ಸಾಹುಕಾರರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ನೀನೇ ಬರೆದಿದ್ದನ್ನ ನೀನೇ ಓದಾಕೆ ಇಷ್ಟು ತಡವರಿಸ್ತೀಯಲ್ಲವ್ವ. ಬಾಯಲ್ಲಿ ಹೇಳಿದ್ರೆ ನಂಗೆ ತಿಳೀತಿರ್ಲಿಲ್ವಾ?” ಬೆಳೆಗಾರರು ಗೊಳ್ಳೆಂದು ನಕ್ಕರು. ಸಾಹುಕಾರರು ನಗಲಿಲ್ಲ. “ಹಬ್ಬಕ್ಕೆ ಇನ್ನೂ ಐತಲ್ಲ” ಎಂದಷ್ಟೇ ಹೇಳಿ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಆ ಸಂಜೆ ನನಗೆ ಹೊಳೆ ದಂಡೆಯ ಬಿಲ್ಲೆ ನೆನಪಾಯಿತು. ಕಾಗದ ಎಸೆದು ಓಡುವುದೂ ಬಿಲ್ಲೆ ಎಸೆದು ಓಡುವುದೂ ಒಂದೇ ಅಲ್ಲವೇ? ನಾನು ಹೋದ ಮರುದಿನ ಬರುವ ಟಪಾಲನ್ನು ಯಾರು ಓದುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಇಂಥ ವಿವೇಕ ಆ ಸಂಜೆಯೇ ಬಂತೋ, ಈಗ ಬರೆಯುವಾಗ ಬಂತೋ ಗೊತ್ತಿಲ್ಲ. ಆದರೆ ಮರುದಿನದಿಂದ ನಾನು ಮಾಡಿದ್ದು ಮಾತ್ರ ನಿಜ.

ಮಂಡಿಯ ಹಿಂಭಾಗದಲ್ಲೇ ಸಾಹುಕಾರರ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲ ಸಂದಿಯಿಂದ ನಾನು ಓದುವ ಇಂಗ್ಲಿಷನ್ನು ದಿನಾ ಕೇಳುತ್ತಾ ನಿಲ್ಲುತ್ತಿದ್ದವಳು ಅವರ ಸೊಸೆ ಕಸ್ತೂರಿ. ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ. ಅವಳ ಇಂಗ್ಲಿಷ್ ತುಕ್ಕು ಹಿಡಿದಿತ್ತು, ಮುರಿದಿರಲಿಲ್ಲ. ನಾನು ಹೊಸಿಲಿನ ಈಚೆ, ಅವಳು ಆಚೆ ಕೂತು ಹಳೆಯ ಕಾಗದಗಳನ್ನು ಓದಲು ಶುರು ಮಾಡಿದೆವು. ವ್ಯಾಪಾರಿಗಳ ಇಂಗ್ಲಿಷಿನಲ್ಲಿ ಹೊಸತೇನೂ ಇರುವುದಿಲ್ಲ. ಮಾಲು ತಲುಪಿತು, ಮಾಲು ತಲುಪಲಿಲ್ಲ, ಮಾಲು ನೆನೆದಿದೆ. ಉಳಿದದ್ದೆಲ್ಲ ಕ್ಷೇಮ ಸಮಾಚಾರ. ಟೈಪಿಂಗ್ ಕಲಿಸಬೇಕಾದಾಗ ಕುರ್ಚಿಯನ್ನೂ ಮೇಜನ್ನೂ ಸ್ವಲ್ಪ ಬಾಗಿಲತ್ತ ಸರಿಸಿದೆ. ಮರುದಿನ ಇನ್ನೂ ಸ್ವಲ್ಪ.

“ಕುರ್ಚಿ ಯಾಕವ್ವ ಮನೆಯೊಳಗೆ ಹೊಂಟೈತೆ?” ಅಂದರು ಸಾಹುಕಾರರು.

“ಅಲ್ಲಿ ಬೆಳಕು ಚೆನ್ನಾಗಿದೆ ಸಾವ್ಕಾರ್ರೇ.”

ಅವರು ಬಾಗಿಲು ನೋಡಿದರು. ಆ ಮೂಲೆಯಷ್ಟು ಕತ್ತಲು ಇಡೀ ಮಂಡಿಯಲ್ಲಿ ಬೇರೆಲ್ಲೂ ಇರಲಿಲ್ಲ. “ನಮ್ಮನೆ ಹೆಣ್ಮಕ್ಳು ಮಂಡೀಲಿ ಕೂತ ರೂಢಿ ಇಲ್ಲ” ಅಂದರು, ನನಗಲ್ಲ, ಗೋಡೆಗೆ ಹೇಳುವಂತೆ.

“ಮಂಡೀಲಿ ಎಲ್ಲಿ ಕೂತೈತೆ ಸಾವ್ಕಾರ್ರೇ, ಮನೇಲೇ ಐತಲ್ಲ” ಅಂದ ಹಾಲಪ್ಪಣ್ಣ. “ಕುರ್ಚಿ ಕಾಲು ಎರಡು ಈಕಡೆ, ಎರಡು ಆಕಡೆ. ಯಾರಾದ್ರೂ ಕೇಳಿದ್ರೆ ಆಕಡೆವು ಎರಡನ್ನ ತೋರ್ಸಾನ.”

ಈ ಹಾಲಪ್ಪಣ್ಣ ನನ್ನ ಕುರ್ಚಿಯನ್ನು ಗೇಲಿ ಮಾಡಿದವನೇ. ಕುರ್ಚಿ ಕಾಲಿನ ಈ ಮಾತಿಗಾಗಿ ನಾನು ಅವನ ಆ ಗೇಲಿಯನ್ನು ಕ್ಷಮಿಸಿದ್ದೇನೆ.

ಕೊನೆಯ ದಿನ ಬಂತು. ಬಿಸಿಲೋ ಮಳೆಯೋ, ನೀವೇ ಆರಿಸಿಕೊಳ್ಳಿ. ಎಲ್ಲರಿಗೂ ಹೇಳಿ ಬಂದೆ, ತಕ್ಕಡಿಯವರಿಗೆ, ಚೀಲ ಹೊಲಿಯುವ ಹೆಂಗಸರಿಗೆ, ಚಹಾದ ಅಂಗಡಿಯವನಿಗೆ. ಸಾಹುಕಾರರಿಗೆ ಹೇಳುವುದೊಂದು ಉಳಿದಿತ್ತು. ಅಷ್ಟರಲ್ಲಿ ಒಂದು ತಂತಿ ಬಂತು. ಅವರು ಅಭ್ಯಾಸಬಲದಿಂದ ನನ್ನತ್ತ ಚಾಚಿದರು. ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವರು ಚಾಚಿದ ಕೈ ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದರು. ಎಷ್ಟು ಹೊತ್ತು ಎಂದು ಹೇಳಲಾರೆ, ನನಗಂತೂ ಬಹಳ ಹೊತ್ತೆನಿಸಿತು. ಹಾಲಪ್ಪಣ್ಣ ಎದ್ದು ತಂತಿ ತೆಗೆದುಕೊಂಡು ಹೋಗಿ ಹೊಸಿಲ ಮೇಲಿನ ಕುರ್ಚಿಯಲ್ಲಿ ಕೂತಿದ್ದ ಕಸ್ತೂರಿಗೆ ಕೊಟ್ಟ.

ಅವಳು ಬಿಚ್ಚಿ ಓದಿಕೊಂಡಳು. ಆಮೇಲೆ ಅವಳ ದನಿ, ಸಣ್ಣದಾದರೂ ತಡವರಿಸದ ದನಿ: “ಮಾಲು ಚೆನ್ನಾಗಿ ಬಂದೈತಂತೆ ಮಾವ. ಇದೇ ಥರದ್ದು ಇನ್ನೂ ಬೇಕಂತೆ. ಜಲ್ದಿ ಕಳಿಸ್ಬೇಕಂತೆ.”

ಬೆಳೆಗಾರರಲ್ಲೊಬ್ಬರು “ಭೇಷ್” ಅಂದರು. ಸಾಹುಕಾರರು ಎದ್ದರು. ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದರು. ಗಾದಿಯ ಮೇಲಿನ ದೇವರ ಪಟಕ್ಕೆ ಕೈ ಮುಗಿದರು. ಪಟದ ಕೆಳಗಿನ ತಟ್ಟೆಯಲ್ಲಿ ಮೊದಲೇ ಸಿದ್ಧವಿದ್ದ ಎಲೆಯನ್ನೂ ಅದರ ಮೇಲಿದ್ದ ಜೋಡಿ ಅಡಿಕೆಯನ್ನೂ ಎರಡೂ ಕೈಯಲ್ಲಿ ಎತ್ತಿಕೊಂಡರು. “ಬಾರವ್ವ ಇಲ್ಲಿ” ಅಂದರು.

ಹಾಲಪ್ಪಣ್ಣ ಬಾಯಿ ಬಿಟ್ಟ. “ಸಾವ್ಕಾರ್ರೇ, ಹಬ್ಬ ಇನ್ನೂ...”

“ಹಬ್ಬ ಯಾವತ್ತು ಅಂತ ಪಂಚಾಂಗ ಒಂದೇ ಹೇಳಬೇಕೇನೋ? ಈ ಗಾದೀಗೂ ಒಂದು ಮಾತೈತೆ. ಈ ಹುಡುಗಿ ಪಾಲಿಗೆ ಇವತ್ತೇ ಹಬ್ಬ ಅಂತ ಬರ್ಕಳ್ರಿ ಎಲ್ಲಾರೂ.” ನನ್ನ ಕೈಗೆ ಎಲೆ ಅಡಿಕೆ ಇಡುತ್ತಾ ದನಿ ತಗ್ಗಿಸಿದರು: “ಒಂದು ನಿಂದು, ಒಂದು ನಿಮ್ಮಾವಂದು.”

ನಾನು ಅಳಲಿಲ್ಲ ಎಂದು ಡೈರಿ ಹೇಳುತ್ತದೆ. ಅಂದಿನ ಪುಟದಲ್ಲಿ ಮಳೆಯ ಮಾತು ಬಿಟ್ಟರೆ ಇರುವುದು ಇಷ್ಟೇ: ‘ಬಿಟ್ಟೆ. ಎಲೆ ಅಡಿಕೆ ಆಯಿತು. ಅಳಲಿಲ್ಲ.’ ಅಳದವರು ಅಳಲಿಲ್ಲ ಎಂದು ಬರೆದಿಡುತ್ತಾರೆಯೇ? ಅದೇನೇ ಇರಲಿ, ಪೇಟೆಯ ಬೀದಿಯಲ್ಲಿ ನಾನು ನಡೆದು ಬಂದದ್ದನ್ನು ಮಾತ್ರ ಯಾರೂ ನನ್ನಿಂದ ಕಿತ್ತುಕೊಳ್ಳಲಾರರು. ಎಂ.ಎ. ಪದವಿ ತೆಗೆದುಕೊಂಡ ದಿನ ಕೂಡ ನಾನು ಅಷ್ಟು ನೆಟ್ಟಗೆ ನಡೆದಿರಲಿಲ್ಲ. ಎಲೆ ಅಡಿಕೆಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದೆ, ಅತ್ತೆಯೆದುರು ಒಮ್ಮೆಗೇ ತೆಗೆದು ತೋರಿಸಬೇಕೆಂದು.

ಗೌರತ್ತೆ ಬಾಗಿಲಲ್ಲೇ ನಿಂತಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ “ಎಲ್ಲಿ, ತೋರ್ಸು” ಅಂದಳು. ತೋರಿಸಿದೆ. ಒಂದು ಅಡಿಕೆ ತೆಗೆದುಕೊಂಡು ಹೋಗಿ ಮಾವನ ಪಟದ ಮುಂದಿಟ್ಟಳು. ಪಟವನ್ನು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಇನ್ನೊಂದು ಅಡಿಕೆ ನನ್ನ ಜೊತೆ ಜಗಳೂರಿಗೆ ಬಂತು.

ಆ ಕುರ್ಚಿಯಲ್ಲಿ ಕಸ್ತೂರಿ ಕೂತೇ ಕೂತಳು. ಕೆಲವು ವರ್ಷಗಳ ನಂತರ ಹೊನ್ನಾಳಿಯ ಒಂದು ಮದುವೆಯಲ್ಲಿ ಹಾಲಪ್ಪಣ್ಣ ಸಿಕ್ಕಿದ್ದ. “ಕುರ್ಚಿಯ ನಾಕೂ ಕಾಲು ಈಗ ಈಕಡೇನೇ ಅದಾವೆ ಕಣವ್ವ” ಎಂದು ಕಣ್ಣು ಮಿಟುಕಿಸಿದ. ಮದುವೆಯ ಊಟಕ್ಕಿಂತ ಆ ಮಾತು ನನಗೆ ರುಚಿಸಿತು. ಯಾರಾದರೂ ನನ್ನ ಸಾಧನೆ ಏನೆಂದು ಕೇಳಿದರೆ, ಯಾರೂ ಕೇಳುವುದಿಲ್ಲ ಎನ್ನುವುದು ಬೇರೆ ಮಾತು, ನಾನು ಸೇರಿದ ಕೆಲಸವನ್ನಲ್ಲ, ಬಿಟ್ಟ ಕೆಲಸವನ್ನು ಹೇಳುತ್ತೇನೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮೊನ್ನೆ ಅಡಿಕೆ ಗಡಗಡ ಅಂದಾಗಿನಿಂದ ಒಂದು ಸಣ್ಣ ವಿಷಯ ಕೊರೆಯುತ್ತಿದೆ. ಸಾಹುಕಾರರು ಕೊಟ್ಟ ಎಲೆಗಳನ್ನು ಬಾಳೆನಾರಿನಿಂದ ಕಟ್ಟಲಾಗಿತ್ತು. ಮಂಡಿಗೆ ಸಂತೆಯಿಂದ ಬರುತ್ತಿದ್ದ ಎಲೆಯ ಕಟ್ಟಿಗೆ ಹುರಿದಾರವಿರುತ್ತಿತ್ತು. ಬಾಳೆನಾರು ಸುತ್ತಿ, ತುದಿಯನ್ನು ಒಳಗೆ ಮಡಚಿ ಸಿಕ್ಕಿಸುವುದು ಗೌರತ್ತೆಯ ಕೈಚಳಕ, ತನ್ನ ಹಿತ್ತಲಿನ ಬಳ್ಳಿಯ ಎಲೆಯನ್ನು ಅವಳು ಕಟ್ಟುತ್ತಿದ್ದದ್ದು ಹಾಗೆ. ಆ ಬಾಳೆನಾರನ್ನು ನಾನು ಅಂದು ನಿಜವಾಗಿ ನೋಡಿದೆನೋ, ಇಷ್ಟು ವರ್ಷಗಳಲ್ಲಿ ನನ್ನ ಮನಸ್ಸೇ ಸುತ್ತಿಕೊಂಡಿತೋ? ಆ ಎಲೆಯನ್ನು ಅವಳೇ ಕೊಟ್ಟು ಬಂದಿರದಿದ್ದರೆ, ನಾನು ಬಾಯಿ ತೆರೆಯುವ ಮುಂಚೆಯೇ “ತೋರ್ಸು” ಅಂದದ್ದು ಹೇಗೆ? ನನ್ನ ಮುಖವೇ ಹೇಳಿತ್ತೇ?

ಗೌರತ್ತೆ ಈಗ ಜಗಳೂರಿನಲ್ಲಿ ನನ್ನ ಜೊತೆಯಲ್ಲೇ ಇದ್ದಾಳೆ. ಹಲ್ಲು ಹೋಗಿವೆ, ಎಲೆ ಅಡಿಕೆಯನ್ನು ಕುಟ್ಟಿಕೊಂಡು ಹಾಕುತ್ತಾಳೆ. ನಿನ್ನೆ ಸಂಜೆ ಜಗಲಿಯಲ್ಲಿ ಅವಳು ಕುಟ್ಟುತ್ತಾ ಕೂತಿದ್ದಾಗ ಡಬ್ಬಿಯ ಅಡಿಕೆ ತಂದು ಅವಳ ಅಂಗೈಯಲ್ಲಿಟ್ಟೆ. ತಿರುಗಿಸಿ ನೋಡಿದಳು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಮೂಸಿದಳು.

“ಹುಳ ಬಿದ್ದಿಲ್ಲ ನೋಡು, ಇಷ್ಟು ವರ್ಷ ಆದ್ರೂ. ಒಳ್ಳೆ ಮಾಲು ಕೊಟ್ಟಾರೆ.”

“ಅತ್ತೆ, ಅವತ್ತು ಬೆಳಗ್ಗೆ ನೀನು ಸಾವ್ಕಾರ್ರ ಮನೆಗೆ ಹೋಗಿದ್ಯಾ?”

“ಸುಣ್ಣದ ಡಬ್ಬಿ ಎಲ್ಲೈತೆ ನೋಡೇ” ಅಂದಳು.

ತಂದುಕೊಟ್ಟೆ. ಅವಳು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿದಳು. ನನ್ನ ಅಡಿಕೆಯನ್ನು ನನಗೇ ಹಿಂದಕ್ಕೆ ಕೊಟ್ಟು, ಬೇರೆ ಅಡಿಕೆ ಹಾಕಿ ಕುಟ್ಟತೊಡಗಿದಳು. ನಾನು ಅವಳ ಪಕ್ಕದಲ್ಲಿ ಕೂತು ಕುಟ್ಟುವ ಸದ್ದು ನಿಲ್ಲುವವರೆಗೂ ಕಾದು, ಮತ್ತೆ ಕೇಳಿದೆ:

“ಹೇಳು ಅತ್ತೆ, ಇದು ನಾನು ಗಳಿಸಿದ್ದಾ, ನೀನು ಕೊಡಿಸಿದ್ದಾ?”